ದೀಪ ಕಂಡಿತು

ಬೆಳಿಗ್ಗೆ ಏಳೂವರೆಗೆ ಮಗಳ ಫೋನು ಬಂದಾಗ ಅವನು ಮುಕ್ಕಾಲು ಮುಖ ಕ್ಷೌರ ಮಾಡಿಕೊಂಡು ನಿಂತಿದ್ದ. ಉಳಿದ ಎಡಗೆನ್ನೆಯ ಮೇಲೆ ಸೋಪಿನ ನೊರೆ ಇತ್ತು. "ಅಪ್ಪಾ, ಬಚ್ಚಲಲ್ಲಿ ಮತ್ತೆ ಅದೇ ಸದ್ದು," ಅಂದಳು. "ನಿನ್ನೆ ಸಂಜೆಯಿಂದ. ನಾವು ನೀರು ಬಿಡದೇ ಇದ್ರೂ ಗುಳುಗುಳು ಅನ್ನತ್ತೆ. ಪಾಪು ಬಚ್ಚಲ ಬಾಗಿಲಲ್ಲಿ ಕೂತ್ಕೊಂಡು ಅದಕ್ಕೆ ಉತ್ತರ ಕೊಡ್ತಾಳೆ, ಗುಳುಗುಳು ಅಂತ." ಮಗಳು ನಕ್ಕಳು. ಅವನೂ ನಗಬೇಕಿತ್ತು, ಮೊಮ್ಮಗಳು ಆಡಿದ ಮೊದಲ ಮಾತೇ ಒಳಚರಂಡಿಯ ಮಾತಾದರೆ ಅದೇ ಇಲಾಖೆಯಲ್ಲಿ ಕೂದಲು ನೆರೆಸಿಕೊಂಡ ತಾತ ಹೆಮ್ಮೆ ಪಡಬೇಕಾದ್ದೇ. ಆದರೆ ನಗಲಿಲ್ಲ. "ಮಗೂನ ಅಲ್ಲಿ ಬಿಡ್ಬೇಡ," ಅಂದ. "ಯಾಕೆ?" "ಜಾರತ್ತೆ, ಅದಕ್ಕೆ." ಆ ಕಡೆಯಿಂದ ಪಾತ್ರೆ ಇಟ್ಟ ಸದ್ದಾಯಿತು. "ಇವತ್ತೇ ಅಲ್ವಾ ಅಪ್ಪಾ ನಿನ್ನ ದೊಡ್ಡ ಮೀಟಿಂಗು? ನಮ್ಮ ಬೀದಿ ಇನ್ನೂ ಅದೇ ವರ್ಷಕ್ಕೇನಾ? ಸ್ವಲ್ಪ ಹಿಂದೆ ಮುಂದೆ ಆಗಲ್ವಾ?" "ನೋಡೋಣ," ಅಂದ. ಫೋನು ಇಟ್ಟು ಕನ್ನಡಿ ನೋಡಿದರೆ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಹಾಗೇ ಮುಖ ತೊಳೆದುಕೊಂಡ. ಎಡಗಿವಿಯ ಕೆಳಗಿನಿಂದ ಗದ್ದದವರೆಗೆ ಒಂದು ಪಟ್ಟೆ ಗಡ್ಡ ಉಳಿದುಹೋದದ್ದು ಅವನಿಗೆ ತಿಳಿಯಲಿಲ್ಲ. ಆ ದಿನವೆಲ್ಲ ಅವನ ಜೊತೆ ಮಾತಾಡಿದವರ ಕಣ್ಣು ಆ ಪಟ್ಟೆಯ ಮೇಲೆ ಒಂದು ಸಲ ಹೋಗಿ ಬರುತ್ತಿತ್ತು. ಅವನು ಮಾತ್ರ ಅದಕ್ಕೆ ಬೇರೆಯೇ ಅರ್ಥ ಹಚ್ಚಿಕೊಂಡು ಬೆವೆತ.

ಮಗಳ ಬೀದಿ ಇಪ್ಪತ್ತನಾಲ್ಕನೇ ವರ್ಷಕ್ಕಿತ್ತು. ನಗರದ ನೆಲದಡಿ ಹರಿಯುವ ಕೊಳಚೆ ಪೈಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವನ ತಾತನ ಕಾಲದವು; ಅವನ್ನೆಲ್ಲ ಅಗೆದು ತೆಗೆದು ಹೊಸದು ಹಾಕಲು ಮೂವತ್ತು ವರ್ಷದ ಯೋಜನೆ ತಯಾರಾಗಿತ್ತು. ಯಾವ ಬೀದಿ ಮೊದಲು, ಯಾವುದು ಆಮೇಲೆ ಎಂದು ಸಾಲು ಹಚ್ಚುವ ಕೆಲಸ ನಾಲ್ಕು ವರ್ಷದಿಂದ ಅವನದು. ಸಾಲು ಎಂದಮೇಲೆ ನಡುವೆ ನುಗ್ಗುವವರು ಇದ್ದೇ ಇರುತ್ತಾರೆ. ಡಾಕ್ಟರು, ವಕೀಲರು, ಪಾಲಿಕೆ ಸದಸ್ಯರು, ಸದಸ್ಯರ ಭಾವಮೈದುನರು, ಎಲ್ಲರೂ ಬಂದು ಹೋಗಿದ್ದರು. ಅವನು ಯಾರಿಗೂ ಜಗ್ಗಿರಲಿಲ್ಲ. ಆಫೀಸಿನಲ್ಲಿ ಅವನಿಗೆ ತಕ್ಕಡಿ ಎಂದು ಹೆಸರು ಬಿದ್ದಿತ್ತು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಾದರೂ ಕಿವಿಗೆ ಬಿದ್ದಾಗ ಒಳಗೊಳಗೇ ಹಿಗ್ಗುತ್ತಿದ್ದ. ಹೋದ ತಿಂಗಳು, ಹೈಸ್ಕೂಲಿನಲ್ಲಿ ಅವನಿಗೆ ಗಣಿತ ಹೇಳಿಕೊಟ್ಟ ಮೇಷ್ಟ್ರೇ ಕೋಲೂರಿಕೊಂಡು ಬಂದಿದ್ದರು. ತಮ್ಮ ಮನೆಯ ನಲ್ಲಿಯಲ್ಲಿ ಬರುವ ನೀರನ್ನು ಒಂದು ಶೀಷೆಯಲ್ಲಿ ತುಂಬಿ ತಂದು ಮೇಜಿನ ಮೇಲಿಟ್ಟರು. ಒಡೆದ ಚರಂಡಿ ಪೈಪಿನ ಕೊಳಚೆ ಸೇರಿ ನೀರು ಕಷಾಯದ ಬಣ್ಣಕ್ಕಿತ್ತು. "ಏಳನೇ ವರ್ಷ ಅಂತೀಯಲ್ಲಪ್ಪಾ, ಅಲ್ಲೀತನಕ ನಾನಿರ್ತೀನಾ?" ಅಂದರು. ಅವನು ಕುರ್ಚಿಯಲ್ಲಿ ಒರಗಿ, ಪಕ್ಕದ ಗುಮಾಸ್ತರಿಗೂ ಕೇಳುವಷ್ಟು ಗಟ್ಟಿಯಾಗಿ, "ಮೇಷ್ಟ್ರೇ, ನನ್ನ ಸ್ವಂತ ಮಗಳ ಬೀದೀನೇ ಇಪ್ಪತ್ನಾಲ್ಕನೇ ವರ್ಷಕ್ಕಿದೆ. ನಾನೇನಾದ್ರೂ ಕೈ ಹಾಕಿದೀನಾ?" ಅಂದಿದ್ದ. ಮೇಷ್ಟ್ರು ಕೋಲು ತೆಗೆದುಕೊಂಡು, "ಒಳ್ಳೇದಪ್ಪಾ, ಹಾಗೇ ಇರ್ಬೇಕು," ಎಂದು ಎದ್ದು ಹೋದರು. ಶೀಷೆ ಅಲ್ಲೇ ಉಳಿಯಿತು. ಮಾರನೆಯ ದಿನ ಆ ಮಾತು ಇಡೀ ಆಫೀಸಿನಲ್ಲಿ ಹಬ್ಬಿತ್ತು. ನೋಡ್ರಪ್ಪಾ, ಸ್ವಂತ ಮಗಳನ್ನೂ ಸಾಲಲ್ಲಿ ಮುಂದೆ ಬಿಟ್ಟಿಲ್ಲ, ಅಂತ. ಆದರೆ ಮೇಷ್ಟ್ರ ಎದುರು ಆ ಮಾತಾಡುವಾಗಲೇ, ಆ ಬೀದಿ ಅಷ್ಟು ಹಿಂದೆ ಬಿದ್ದದ್ದು ಯಾವುದರಿಂದ ಎಂದು ಅವನಿಗೆ ಗೊತ್ತಿತ್ತು.

"ಇಷ್ಟು ಬೇಗ ಎಲ್ಲಿಗೆ? ಮೀಟಿಂಗು ಮೂರು ಗಂಟೆಗಲ್ವಾ?" ಎಂದು ಹೆಂಡತಿ ಕೇಳಿದಳು. "ಒಬ್ಬರನ್ನ ನೋಡ್ಬೇಕು," ಅಂದ. ಅವಳು ಅವನ ಕೆನ್ನೆ ನೋಡಿ ಏನೋ ಹೇಳಲು ಬಾಯಿ ತೆರೆದಳು. ಅವನು ಆಗಲೇ ಮೆಟ್ಟಿಲು ಇಳಿಯುತ್ತಿದ್ದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ರಸ್ತೆ ನೋಡಿದ. ಇಪ್ಪತ್ತಾರು ವರ್ಷದಿಂದ ಅವನು ನೋಡುತ್ತ ಬಂದದ್ದು ಅಂಗಡಿಗಳನ್ನಲ್ಲ, ಚರಂಡಿ ಗುಂಡಿಯ ಮುಚ್ಚಳಗಳನ್ನು. ದುಂಡನೆಯ ಬೀಡುಕಬ್ಬಿಣದ ಮುಚ್ಚಳ, ಅದರ ಮೇಲೆ ಚಕ್ರ ಹರಿದಾಗಿನ ಟಕ್ ಸದ್ದು, ಅಲ್ಲಿಂದ ಮೂವತ್ತು ಹೆಜ್ಜೆಗೆ ಇನ್ನೊಂದು. ಎರಡು ಮುಚ್ಚಳಗಳ ನಡುವಿನ ಪೈಪು ಹೇಗಿದೆ ಎಂದು ತಿಳಿಯಲು ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ಒಂದು ಗುಂಡಿಯಲ್ಲಿ ಹಗ್ಗ ಕಟ್ಟಿ ದೀಪ ಇಳಿಸುವುದು, ಮುಂದಿನ ಗುಂಡಿಯಲ್ಲಿ ಕೋಲಿನ ತುದಿಗೆ ಕನ್ನಡಿ ಕಟ್ಟಿ ಇಳಿಸುವುದು. ಕನ್ನಡಿಯಲ್ಲಿ ದೀಪ ಪೂರ್ತಿ ದುಂಡಗೆ ಕಂಡರೆ ಪೈಪು ನೆಟ್ಟಗಿದೆ, ಒಡೆದಿಲ್ಲ, ಕುಸಿದಿಲ್ಲ. ಕೆಲಸಗಾರರು ಅದಕ್ಕೆ ಹುಣ್ಣಿಮೆ ಅನ್ನುತ್ತಿದ್ದರು. ಅರ್ಧ ಕಂಡರೆ ಅಷ್ಟಮಿ, ಏನೂ ಕಾಣದಿದ್ದರೆ ಅಮಾವಾಸ್ಯೆ. ಕನ್ನಡಿ ಹಿಡಿದವನು "ಕಂಡಿತು!" ಎಂದು ಕೂಗಬೇಕು, ರಿಜಿಸ್ಟರಿನಲ್ಲಿ ದೀಪ ಕಂಡಿತು ಎಂದು ಬರೆಯಬೇಕು, ಮುಂದಕ್ಕೆ ನಡೆಯಬೇಕು. ಅವನು ಕನ್ನಡಿಯವನು. ದೀಪ ಹಿಡಿಯುತ್ತಿದ್ದವನು ಅವನಿಗಿಂತ ಹತ್ತು ವರ್ಷ ದೊಡ್ಡವ, ಎಲ್ಲರಿಗೂ ದೀಪದಣ್ಣ. ಇಬ್ಬರೂ ಸೇರಿ ಒಂದೇ ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಬೀದಿಗಳ ಪೈಪು ನೋಡಿ ಮುಗಿಸಿದ್ದರು. ಆಗಿನ ದೊಡ್ಡ ಸಾಹೇಬರು ಬೆನ್ನು ತಟ್ಟಿದ್ದರು.

ಮುಚ್ಚಳ ಸಿಗದಿದ್ದರೆ ಕೆಂಪು ಶಾಯಿಯಲ್ಲಿ ಹಾಗಂತಲೇ ಬರೆಯಬೇಕು ಎಂಬುದು ನಿಯಮ. ಕೆಂಪಿನಲ್ಲಿ ಬರೆದರೆ ರಸ್ತೆಯವರಿಗೆ ಪತ್ರ ಬರೆದು, ಅಗೆಯುವವರನ್ನು ಕರೆದು, ಡಾಂಬರು ಒಡೆಸಿ, ಮತ್ತೆ ಬಂದು ನೋಡಬೇಕು. ಒಂದು ಕೆಂಪು ಗೆರೆ ಎಂದರೆ ಒಂದು ವಾರದ ತಲೆನೋವು. ಇಪ್ಪತ್ತಾರು ವರ್ಷದ ಹಿಂದೆ ಒಂದು ದಿನ, ಒಂದು ಬೀದಿಯ ತಿರುವಿನಲ್ಲಿ, ನೀಲಿ ಗೇಟಿನ ಮನೆಯ ಮುಂದೆ, ಹೊಸ ಡಾಂಬರು ಬಿಸಿಲಿಗೆ ಮಿನುಗುತ್ತಿತ್ತು. ಮುಚ್ಚಳ ಅದರಡಿ ಎಲ್ಲೋ ಹೂತುಹೋಗಿತ್ತು. ಅವನು ಕಬ್ಬಿಣದ ಸಲಾಕೆಯಿಂದ ಹತ್ತು ನಿಮಿಷ ಕುಟ್ಟಿ ನೋಡಿದ. ಗಂಟೆ ಎರಡೂವರೆ. ಮೂರೂವರೆಗೆ ಮಗಳು ಶಾಲೆಯಿಂದ ಬರುತ್ತಾಳೆ, ಆಗ ಅವಳಿಗೆ ನಾಲ್ಕು ವರ್ಷ. ಹಿಂದಿನ ಸಂಜೆ ನೆಂಟರೆಲ್ಲ ಕೂತಿದ್ದಾಗ ಬಾ ಕಂದಾ ಎಂದು ಅವನು ಕೈ ಚಾಚಿದರೆ ಅವಳು ಮೂಗು ಮುಚ್ಚಿಕೊಂಡು, "ಅಪ್ಪ ಗುಂಡಿ ವಾಸ್ನೆ," ಎಂದು ಅಮ್ಮನ ಸೆರಗಿನ ಹಿಂದೆ ಓಡಿದ್ದಳು. ಎಲ್ಲರೂ ನಕ್ಕರು. ಭಾವಮೈದುನ ಎಲ್ಲರಿಗಿಂತ ಜೋರಾಗಿ ನಕ್ಕ. ಅವನೂ ನಕ್ಕ, ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡ. ಇವತ್ತು ಅವಳು ಬರುವಷ್ಟರಲ್ಲಿ ಮನೆಗೆ ಹೋಗಿ, ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರಬೇಕು. ಹಿಂದಿನ ಪೈಪು ಹುಣ್ಣಿಮೆ, ಅದಕ್ಕೂ ಹಿಂದಿನದು ಹುಣ್ಣಿಮೆ, ನಡುವೆ ಇದೊಂದಕ್ಕೆ ಏನಾಗಿರಲು ಸಾಧ್ಯ? ನೀಲಿ ಗೇಟಿನ ಮೆಟ್ಟಿಲ ಮೇಲೆ ಕೂತು ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು ದೀಪ ಕಂಡಿತು ಎಂದು ಬರೆದ. ತಲೆಯೆತ್ತಿ, ಆ ತುದಿಯಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದ ದೀಪದಣ್ಣನಿಗೆ "ಕಂಡಿತು, ಬಾ!" ಎಂದು ಕೂಗಿದ. ದೀಪದಣ್ಣ ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಹಗ್ಗ ಸುತ್ತಿಕೊಂಡು ಬಂದ. ಆ ಸಂಜೆ ಮಗಳು ಅವನ ತೊಡೆಯ ಮೇಲೆ ಕೂತಳು. ಅವನು ಮಾಡಿದ್ದಕ್ಕೆ ಅಷ್ಟು ಬೇಗ ಅಷ್ಟು ಒಳ್ಳೆಯ ಫಲ ಸಿಕ್ಕಿತ್ತು. ಅದಾದ ಮೇಲೆ ಅಂಥವು ಇನ್ನೂ ಕೆಲವು ಆದವು. ಎಷ್ಟು, ಎಲ್ಲೆಲ್ಲಿ, ಈಗ ಅವನಿಗೆ ನೆನಪಿರಲಿಲ್ಲ. ಎಲ್ಲವೂ ಒಂದೇ ಕೈಬರಹ, ಒಂದೇ ನೀಲಿ ಶಾಯಿ.

ರಿಜಿಸ್ಟರು ಕಪಾಟು ಸೇರಿತು, ಕಪಾಟಿನಿಂದ ಕಂಪ್ಯೂಟರು ಸೇರಿತು, ಅಲ್ಲಿಂದ ನಕ್ಷೆಗೆ ಬಂತು. ದೀಪ ಕಂಡ ಪೈಪಿಗೆ ಹಸಿರು ಗೆರೆ, ಸಂಶಯದ್ದಕ್ಕೆ ಹಳದಿ, ಕೆಟ್ಟದ್ದಕ್ಕೆ ಕೆಂಪು. ನಾಲ್ಕು ವರ್ಷದ ಹಿಂದೆ ಕ್ಯಾಮೆರಾ ಗಾಡಿ ತರಿಸಿದಾಗ ಹಳದಿ ಮತ್ತು ಕೆಂಪನ್ನು ಮಾತ್ರ ನೋಡಿಸಿದರು. ಹಸಿರನ್ನು ಮತ್ತೆ ನೋಡಿ ಯಾಕೆ ಹೊತ್ತು ಹಾಳು ಮಾಡಬೇಕು ಎಂದು ಟಿಪ್ಪಣಿ ಬರೆದವನು ಅವನೇ. ಕಂಡಿತು ಎಂದು ಬರೆದಿದ್ದಕ್ಕೇ ಅದನ್ನು ಆಮೇಲೆ ಯಾರೂ ನೋಡದಂತಾಯಿತು. ಎಂಟು ತಿಂಗಳ ಹಿಂದೆ ಮಗಳೂ ಅಳಿಯನೂ ಮನೆ ಹುಡುಕುತ್ತಿದ್ದಾಗ, "ಅಪ್ಪಾ, ನೆಲದ ಮೇಲಿಂದು ನಾವು ನೋಡ್ಕೊಂಡಿದೀವಿ, ಕೆಳಗಿಂದು ನೀನು ನೋಡಿ ಹೇಳು," ಎಂದು ಅವಳು ವಿಳಾಸ ಕೊಟ್ಟಳು. ಅವನು ಆಫೀಸಿಗೆ ಹೋಗಿ ನಕ್ಷೆ ತೆರೆದ. ಬೀದಿಯುದ್ದಕ್ಕೂ ಹಸಿರು. "ಕಣ್ಣು ಮುಚ್ಕೊಂಡು ತಗೋ. ಹಸಿರಿದೆ, ನಾನೇ ನೋಡಿದ ಪೈಪು," ಎಂದು ಫೋನು ಮಾಡಿದ. ಹೊಸ ಮನೆಗೆ ಹೋಗುವ ದಿನ ಗಾಡಿಯಿಂದ ಪುಸ್ತಕದ ಪೆಟ್ಟಿಗೆ ಎತ್ತಿಕೊಂಡು ಮಗಳ ಬಾಗಿಲ ಮುಂದೆ ಬಂದಾಗ ಎದುರಿಗೆ ತಿರುವು ಕಂಡಿತು. ಗೇಟಿನ ನೀಲಿ ಬಣ್ಣ ಮಾಸಿ ಬೂದಿಯಾಗಿತ್ತು, ಆದರೆ ಮೆಟ್ಟಿಲು ಅದೇ. ಪೆಟ್ಟಿಗೆ ಕೈಯಲ್ಲಿದ್ದಂತೆ ನಿಂತುಬಿಟ್ಟ. "ಭಾರನಾ ಮಾವ?" ಎಂದು ಅಳಿಯ ಓಡಿ ಬಂದು ಪೆಟ್ಟಿಗೆ ಇಸಿದುಕೊಂಡ. ಲೋಕವೆಲ್ಲ ಅವನ ಬರಹ ನಂಬಿದ್ದು ಹೋಗಲಿ. ಅವನೇ ತಾನು ಬರೆದ ಸುಳ್ಳನ್ನು ನಕ್ಷೆಯಲ್ಲಿ ನೋಡಿ ನಂಬಿ, ಮಗಳನ್ನೂ ಮಗುವನ್ನೂ ತಂದು ಅದರ ಮೇಲೆ ಕೂರಿಸಿದ್ದ.

ದೀಪದಣ್ಣ ಮೂರನೇ ಮಹಡಿಯ ಒಂದು ಕೋಣೆಯಲ್ಲಿ, ಕಿಟಕಿಯ ಹತ್ತಿರ ಕೂತು ರೇಡಿಯೊ ಕೇಳುತ್ತಿದ್ದ. ಬಸ್ಸಿಳಿದು ಮೆಟ್ಟಿಲು ಹತ್ತಿ ಹೋದವನಿಗೆ ಏದುಸಿರು ಬಂದಿತ್ತು. "ಮಗ ಕೆಳಗಡೆ ಮನೆ ಮಾಡೋಣ ಅಂದ, ಮಂಡಿ ನೋವು ಬೇರೆ. ನಾನೇ ಬೇಡ ಅಂದೆ," ಎಂದು ದೀಪದಣ್ಣ ನಕ್ಕ. "ಕೆಳಗಿಂದು ಗೊತ್ತಿರೋರು ಮೇಲಿರ್ಬೇಕು ಸಾರ್." ಅವನು ಸುತ್ತು ಬಳಸದೆ ಕೇಳಿದ: ಮುಚ್ಚಳ ಸಿಗದೆಯೂ ಕಂಡಿತು ಎಂದು ಬರೆದದ್ದು ಎಲ್ಲೆಲ್ಲಿ, ನಿನಗೆ ನೆನಪಿದೆಯಾ? ಇಂಥಿಂಥ ಕಡೆ ಎಂದು ಒಂದು ಪಟ್ಟಿ ಸಿಕ್ಕರೆ, ಮಗಳ ಬೀದಿ ಆ ಪಟ್ಟಿಯಲ್ಲಿ ಒಂದಾಗಿ ಅಡಗಿಬಿಡುತ್ತದೆ, ಆಗ ಮೀಟಿಂಗಿನಲ್ಲಿ ಹೇಳಬಹುದು ಎಂಬುದು ಅವನ ಲೆಕ್ಕಾಚಾರ. ದೀಪದಣ್ಣ ರೇಡಿಯೊ ಆರಿಸಿದ. "ಮುಚ್ಚಳ ಸಿಗದೇ ಇದ್ದಿದ್ದನ್ನ ಮಾತ್ರ ಕೇಳ್ತಿದೀರಾ ಸಾರ್?" "ಮಾತ್ರ ಅಂದ್ರೆ?" "ಬಯ್ಯಬೇಡಿ ಮತ್ತೆ. ಎಷ್ಟೋ ಸಲ ನಾನು ದೀಪ ಇಳಿಸೋ ಮುಂಚೆನೇ ನೀವು ಕಂಡಿತು ಅಂತ ಕೂಗಿಬಿಡ್ತಿದ್ರಿ. ಮೊದಮೊದಲು ನಾನು ತಮಾಷೆ ಅಂದ್ಕೊಂಡೆ. ಆಮೇಲೆ ಸಾಹೇಬ್ರಿಗೆ ಏನೋ ಕಾಣ್ತಿರಬೇಕು, ನಮಗ್ಯಾಕೆ ಅಂತ ಸುಮ್ಮನಾದೆ. ಕೊನೆಕೊನೆಗೆ ನಾನೂ ಇಳಿಸ್ತಿರಲಿಲ್ಲ. ಹಗ್ಗ ಹಿಡ್ಕೊಂಡು ನಿಂತಿರ್ತಿದ್ದೆ ಅಷ್ಟೆ." ಅವನು ನೆನಪಿಸಿಕೊಳ್ಳಲು ನೋಡಿದ. ಕತ್ತಲ ಗುಂಡಿ, ಕನ್ನಡಿ, ಕನ್ನಡಿಯಲ್ಲಿ ದುಂಡನೆಯ ಬೆಳಕು. ನೂರಾರು ಬೆಳಕು. ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಅದೇ ತೊಂದರೆ, ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಅವುಗಳಲ್ಲಿ ಯಾವುದು ದೀಪ, ಯಾವುದು ಮನೆಗೆ ಹೋಗುವ ಆತುರ, ಯಾವುದು ಕನ್ನಡಿಯ ಮೇಲೆ ಬಿದ್ದ ಆಕಾಶ? "ಯಾಕೆ ಹೇಳಲಿಲ್ಲ ದೀಪದಣ್ಣ?" ಎಂದು ಕೇಳಿದ. ತನ್ನ ದನಿ ಅಳುವವನ ದನಿಯಂತಿರುವುದು ಅವನಿಗೇ ಕೇಳಿಸಿತು. "ನಾನು ದೀಪ ಹಿಡಿಯೋನು ಸಾರ್. ನೋಡೋರು ನೀವು." ಹೊರಡುವಾಗ ಬಾಗಿಲಲ್ಲಿ ನಿಂತು, ಬೇರೆ ಯಾರದೋ ವಿಷಯ ಎಂಬಂತೆ ಬಚ್ಚಲ ಸದ್ದಿನ ಬಗ್ಗೆ ಕೇಳಿದ. ದೀಪದಣ್ಣನ ಮುಖ ಸ್ವಲ್ಪ ಬಿಗಿಯಿತು. "ಸದ್ದು ಇರೋತನಕ ಭಯ ಇಲ್ಲ. ಪೈಪು ಕಟ್ಟಿಕೊಂಡಿದ್ರೆ ಗೊಣಗತ್ತೆ. ಯಾರೂ ಏನೂ ಮಾಡದೆ ತಾನಾಗೇ ಸದ್ದು ನಿಂತ್ರೆ ಮಾತ್ರ ಹುಷಾರಾಗಿರ್ಬೇಕು. ನೀರು ಪೈಪ್ ಬಿಟ್ಟು ಮಣ್ಣಲ್ಲಿ ದಾರಿ ಮಾಡ್ಕೊಂಡಿದೆ ಅಂತ. ಆಮೇಲೆ ಮನೆಯಡಿ ಮಣ್ಣು ಕೊಚ್ಚಿ ಹೋಗಕ್ಕೆ ಶುರುವಾಗತ್ತೆ." ಆಮೇಲೆ ಅವನ ಕೆನ್ನೆ ನೋಡಿ, "ಮೈ ಹುಷಾರಿಲ್ವಾ ಸಾರ್?" ಅಂದ.

ಮೂರು ಗಂಟೆಗೆ ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ ಕೂತಿದ್ದರು. ಗೋಡೆಯ ತುಂಬ ನಕ್ಷೆ. ಹಸಿರು ಗೆರೆಗಳೇ ಜಾಸ್ತಿ. ದೂರದಿಂದ ನೋಡಿದರೆ ಊರು ಆರೋಗ್ಯವಾಗಿಯೇ ಇತ್ತು. ಮೊದಲೆಲ್ಲ ಆ ಹಸಿರನ್ನು ನೋಡಿದರೆ ಅವನಿಗೆ ಕಣ್ಣು ತಂಪಾಗುತ್ತಿತ್ತು. ಈಗ ಯಾವ ಗೆರೆಯ ಮೇಲೆ ಕಣ್ಣಿಟ್ಟರೂ ಅದು ಕಾಲಡಿ ಬಾಗಿದಂತೆ ಅನ್ನಿಸಿ ಬೇರೆ ಕಡೆ ನೋಡುತ್ತಿದ್ದ. ಎಷ್ಟು ಜನ ಈ ಹಸಿರಿನ ಮೇಲೆ ಅಡುಗೆ ಮಾಡುತ್ತಿದ್ದಾರೆ, ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದಾರೆ. ಮುಖ್ಯ ಇಂಜಿನಿಯರು ವಯಸ್ಸಿನಲ್ಲಿ ಅವನಿಗಿಂತ ಆರು ವರ್ಷ ಚಿಕ್ಕವರು, ಅಧಿಕಾರದಲ್ಲಿ ಎರಡು ಮೆಟ್ಟಿಲು ಮೇಲೆ, ಮಾತು ಬೆಣ್ಣೆ. ಯೋಜನೆಯನ್ನು ಹೊಗಳಿದರು, ಅದನ್ನು ಮಾಡಿದವನನ್ನು ಹೊಗಳಿದರು. "ನಮ್ಮ ಸಾರ್ ಸ್ವಂತ ಮಗಳ ಬೀದೀನ ಇಪ್ಪತ್ನಾಲ್ಕನೇ ವರ್ಷಕ್ಕೆ ಹಾಕಿದಾರೆ. ಇದಕ್ಕಿಂತ ಸಾಕ್ಷಿ ಬೇಕಾ?" ಅಂದರು. ಮೇಜಿನ ಸುತ್ತ ತಲೆಗಳು ಅಲ್ಲಾಡಿದವು. ರುಜು ಹಾಕುವ ಪುಟ ಒಬ್ಬರಿಂದ ಒಬ್ಬರಿಗೆ ದಾಟುತ್ತ ಅವನ ಕಡೆ ಬರುತ್ತಿತ್ತು. ಇನ್ನು ನಾಲ್ಕು ಜನ. ಇನ್ನು ಮೂರು. ಇನ್ನು ಇಬ್ಬರಿದ್ದಾಗ ಅವನು ಎದ್ದು ನಿಂತ. ಎದ್ದು ನಿಲ್ಲುವ ಅಗತ್ಯ ಇರಲಿಲ್ಲ, ಕುರ್ಚಿ ಹಿಂದಕ್ಕೆ ಕಿರ್ರೆಂದಿತು. "ಆ ಬೀದಿ ಪೈಪನ್ನ ನಾನು ನೋಡಿಲ್ಲ," ಅಂದ.

ಯಾರಿಗೂ ಅರ್ಥವಾಗಲಿಲ್ಲ. ಅವನು ಮತ್ತೆ ಹೇಳಿದ. ಮುಚ್ಚಳ ಸಿಕ್ಕಿರಲಿಲ್ಲ, ಕೆಂಪಿನಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ. ದೀಪ ಕಂಡಿತು ಎಂದು ಬರೆದೆ. ಅದು ಹಸಿರಲ್ಲ, ಏನು ಬಣ್ಣ ಎಂದು ಯಾರಿಗೂ ಗೊತ್ತಿಲ್ಲ. ಹೇಳುತ್ತ ಹೋದಂತೆ ಎಂಟು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಜರುಗಿದಂತಾಯಿತು. ಇಷ್ಟೇನಾ, ಇಷ್ಟು ಸುಲಭವಾ ಅನ್ನಿಸಿತು. ಆಮೇಲೆ ಮುಖಗಳನ್ನು ನೋಡಿದ. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಒಂದು ಬಗೆಯ ಮುಜುಗರ ಇತ್ತು, ಮದುವೆ ಮನೆಯಲ್ಲಿ ಹಿರಿಯರೊಬ್ಬರು ಎರಡನೇ ಸಲ ಊಟಕ್ಕೆ ಕೂತದ್ದನ್ನು ನೋಡಿದವರ ಮುಜುಗರ. ಮುಖ್ಯ ಇಂಜಿನಿಯರು ದನಿ ಇಳಿಸಿ, "ಕೂತ್ಕೊಳ್ಳಿ ಸಾರ್," ಅಂದರು. "ಮಗಳು ಅಂದ್ಮೇಲೆ ಯಾರಿಗಾದ್ರೂ ಕರುಳು ಚುರುಕ್ ಅನ್ನತ್ತೆ. ನಮಗೂ ಮಕ್ಕಳಿದಾರೆ. ನೇರವಾಗಿ ಒಂದು ಮಾತು ಕೇಳಿದ್ರೆ ನಾವೇನು ಇಲ್ಲ ಅಂತಿದ್ವಾ? ಅದಕ್ಕೆ ನಿಮ್ಮ ಹೆಸರಿಗೆ ನೀವೇ ಮಸಿ ಬಳ್ಕೋಬೇಕಾ?" ಅವನು ಅಡ್ಡ ತಲೆಯಾಡಿಸಿದ. "ಇಲ್ಲ, ಮಗಳ ಬೀದಿ ಒಂದೇ ಅಲ್ಲ. ಬೇರೇವೂ ಇವೆ." "ಎಷ್ಟು?" "ಗೊತ್ತಿಲ್ಲ." "ಯಾವ್ಯಾವ ಬೀದಿ?" "ನೆನಪಿಲ್ಲ." ಮೇಜಿನ ಆ ತುದಿಯಲ್ಲಿ ಕೂತಿದ್ದ ದಪ್ಪ ಸದಸ್ಯರು, ಹೋದ ವರ್ಷ ತಮ್ಮ ಬೀದಿಗಾಗಿ ಬಂದು ಅವನಿಂದ ನಿಯಮದ ಪಾಠ ಹೇಳಿಸಿಕೊಂಡು ಹೋದವರು, ಪೆನ್ನಿನ ಮುಚ್ಚಳ ಹಾಕುತ್ತ ಮೆಲ್ಲಗೆ, "ಮಗಳದ್ದು ಒಂದು ನೆನಪಿದೆ," ಅಂದರು. ಯಾರೋ ಕೆಮ್ಮಿದರು. ಆಮೇಲೆ ತಡೆಯಲಾರದೆ ಇಡೀ ಮೇಜು ನಕ್ಕಿತು. ಕೆಟ್ಟ ನಗುವಲ್ಲ, ನಮ್ಮವನೇ ನೀನೂ ಎಂಬ ನಗು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ತಲೆ ಕೆರೆದುಕೊಂಡ. ಕೈ ಚಾಚಿದ್ದು ಯಾವಾಗ ಎಂದು ಅವನಿಗೇ ಗೊತ್ತಿರಲಿಲ್ಲ.

"ಹಸಿರು ಇರೋದನ್ನೆಲ್ಲ ಮತ್ತೆ ಕ್ಯಾಮೆರಾ ಬಿಟ್ಟು ನೋಡಿಸ್ಬೇಕು," ಅಂದ. ಮುಖ್ಯ ಇಂಜಿನಿಯರಿಗೆ ಈಗ ಸ್ವಲ್ಪ ಬೇಸರ ಬಂತು. "ಸಾರ್, ಹಸಿರನ್ನ ನೋಡೋದು ಬೇಡ ಅಂತ ಬರೆದೋರು ನೀವೇ. ಗಾಡಿ ವಾಪಸ್ ಹೋಗಿ ವರ್ಷ ಆಯ್ತು. ಮತ್ತೆ ನೋಡಕ್ಕೆ ಎರಡು ವರ್ಷ. ಈ ತಿಂಗಳು ರುಜು ಆಗದಿದ್ರೆ ಯೋಜನೇನೇ ಬಿದ್ದುಹೋಗತ್ತೆ. ಅಲ್ಲೀತನಕ ಕೆಂಪು ಬೀದಿಯೋರು ಏನ್ಮಾಡ್ಬೇಕು? ನೀವೇ ಹೇಳಿ." ಮುಖ್ಯ ಇಂಜಿನಿಯರು ಕಂಪ್ಯೂಟರಿನ ಮುಂದೆ ಕೂತಿದ್ದ ಇಂಜಿನಿಯರ್ ಹುಡುಗಿಯ ಕಡೆ ತಿರುಗಿ, "ಅವರ ಮಗಳ ಬೀದೀನ ಮೊದಲನೇ ವರ್ಷಕ್ಕೆ ತಗೊಳ್ಳಮ್ಮ. ಕಾರಣ ಅಂತ ಏನೂ ಬರೀಬೇಡ," ಅಂದರು. ಅವಳು ಅವನು ಕಲಿಸಿದ ಹುಡುಗಿ. ಅವನ ಮುಖ ನೋಡದೆ, "ಒಂದು ಒಳಗೆ ಬಂದ್ರೆ ಒಂದು ಹೊರಗೆ ಹೋಗ್ಬೇಕು ಸಾರ್. ಮಾರ್ಕೆಟ್ ಹಿಂದಿನ ಬೀದಿ ಹೋಗತ್ತೆ," ಅಂದಳು. ಮಾರ್ಕೆಟ್ ಹಿಂದಿನ ಬೀದಿ ಎರಡು ಸಲ ಕುಸಿದಿತ್ತು. ಅದನ್ನು ಕ್ಯಾಮೆರಾ ನೋಡಿತ್ತು, ಅದರ ಕೆಂಪು ನಿಜವಾದ ಕೆಂಪು. ಎಲ್ಲರೂ ಅವನ ಕಡೆ ನೋಡಿದರು. ಹೂಂ ಎಂದರೆ ಸಾಕಿತ್ತು. ಮಗಳು ಉಳಿಯುತ್ತಾಳೆ, ಮಗು ಉಳಿಯುತ್ತದೆ. ಮಾರ್ಕೆಟ್ ಹಿಂದಿನವರು ಹೋದರೆ ಹೋಗಲಿ ಎಂದು ಮನಸ್ಸು ನಿರ್ಲಜ್ಜವಾಗಿ ಅಂದೇಬಿಟ್ಟಿತು. ಆದರೆ ಹೂಂ ಎಂದರೆ ನಾಳೆ ಬೆಳಿಗ್ಗೆ ಆಫೀಸಿನ ಗುಮಾಸ್ತರು, ಚಹಾದವನು, ಲಿಫ್ಟಿನವನು, ತಕ್ಕಡಿಯೂ ಕೊನೆಗೆ ವಾಲಿತಂತೆ ಎಂದು ಹೇಳಿಕೊಂಡು ನಗುತ್ತಾರೆ. ಮೇಷ್ಟ್ರ ಕಿವಿಗೂ ಬೀಳುತ್ತದೆ. ದಪ್ಪ ಸದಸ್ಯರು ಆಗಲೇ ನಾಳೆ ನಗುವವರಂತೆ ನೋಡುತ್ತಿದ್ದರು. ಅವರ ಕಣ್ಣು ಅವನ ಎಡಗೆನ್ನೆಯ ಮೇಲೆ ನಿಂತಿತ್ತು. ಅಲ್ಲಿ ಏನೋ ಬರೆದಿದೆ ಎಂಬಂತೆ ಅವನು ಕೆನ್ನೆ ಮುಟ್ಟಿಕೊಂಡ, ಒರಟು ಗಡ್ಡ ಕೈಗೆ ಸಿಕ್ಕಿತು. "ಬೇಡ," ಅಂದ. "ಬಿಡಿ. ಇಪ್ಪತ್ನಾಲ್ಕರಲ್ಲೇ ಇರಲಿ."

"ಮತ್ತೆ ನೋಡಿಲ್ಲ ಅಂದ್ರಲ್ಲ?" ಎಂದು ಹುಡುಗಿ ಕೇಳಿದಳು. ಆ ಕೋಣೆಯಲ್ಲಿ ಅವನನ್ನು ನಂಬಿದ್ದವಳು ಅವಳೊಬ್ಬಳೇ ಎಂದು ಅವನಿಗೆ ಆ ಕ್ಷಣ ಹೊಳೆಯಿತು. ಅವಳ ಕಡೆ ನೋಡಲಾಗಲಿಲ್ಲ. "ಬೆಳಿಗ್ಗೆಯಿಂದ ತಲೆ ಸರಿಯಿಲ್ಲ ನಂಗೆ," ಎಂದು ಮೇಜಿಗೆ ಹೇಳಿದ. ಮುಖ್ಯ ಇಂಜಿನಿಯರು ಎರಡೂ ಕೈಯಿಂದ ಮೇಜು ತಟ್ಟಿದರು. "ನೋಡಿದ್ರಾ? ಒಂದು ಗಳಿಗೆ ಕಾಲು ಜಾರ್ತು, ಮನುಷ್ಯ ತಾನೇ. ಆದ್ರೆ ಕೊಟ್ರೂ ತಗೊಳ್ಳಲಿಲ್ಲ ನೋಡಿ. ಇದಕ್ಕೇ ಇವರನ್ನ ತಕ್ಕಡಿ ಅನ್ನೋದು." ಆ ಹೆಸರನ್ನು ಅವನ ಎದುರಿಗೇ ಅಂದದ್ದು ಅದೇ ಮೊದಲು. ಯಾರೋ ಚಪ್ಪಾಳೆ ಹೊಡೆದರು, ಉಳಿದವರೂ ಹೊಡೆದರು. ದಪ್ಪ ಸದಸ್ಯರು ಕೂಡ ಕೈ ಸೇರಿಸಿದರು. ಪುಟ ಅವನ ಮುಂದೆ ಬಂದಿತ್ತು. ಇಪ್ಪತ್ತಾರು ವರ್ಷದ ಹಿಂದಿನ ಅದೇ ಓಡುವ ಕೈಬರಹದಲ್ಲಿ ರುಜು ಹಾಕಿದ.

ಹೊರಗೆ ಕಾರಿಡಾರಿನಲ್ಲಿ ಚಹಾ ಇಟ್ಟಿದ್ದರು. ಕಿಟಕಿಯ ಅಂಚಿನಲ್ಲಿ ಮೇಷ್ಟ್ರ ಶೀಷೆ ಇತ್ತು, ಯಾರೋ ಅವನ ಮೇಜಿನಿಂದ ಎತ್ತಿ ಅಲ್ಲಿಟ್ಟಿರಬೇಕು; ಕೆಸರೆಲ್ಲ ತಳ ಸೇರಿ ಮೇಲಿನ ನೀರು ತಿಳಿಯಾಗಿ, ಬಾಯಾರಿದವನು ನೋಡಿದರೆ ಕುಡಿದೇಬಿಡುವಂತಿತ್ತು. ಫೋನು ಅಲುಗಿತು. "ಅಪ್ಪಾ, ಮುಗೀತಾ? ಏನಾಯ್ತು?" "ಮುಗೀತು." "ನಮ್ದು?" "ಇಪ್ಪತ್ನಾಲ್ಕೇ." "ಹೋಗ್ಲಿ ಬಿಡು. ನೀನು ಹಾಗೇ ಮಾಡೋದು ಅಂತ ಇವರೂ ಅಂತಿದ್ರು," ಎಂದು ಮಗಳು ನಕ್ಕಳು. "ಒಂದು ಸಂತೋಷದ ಸುದ್ದಿ ಕೇಳು. ಸದ್ದು ನಿಂತುಹೋಯ್ತು." ಅವನು ಕಿಟಕಿಯ ಸರಳು ಹಿಡಿದುಕೊಂಡ. "ಯಾವಾಗ? ಯಾರನ್ನಾದ್ರೂ ಕರೆಸಿದ್ರಾ?" "ಯಾರೂ ಬಂದಿಲ್ಲಪ್ಪ. ಮಧ್ಯಾಹ್ನ ತಾನಾಗೇ ನಿಂತ್ಹೋಯ್ತು. ಈಗ ಚೂರೂ ಸದ್ದಿಲ್ಲ." "ನೀನು, ಮಗು, ಇವತ್ತೇ ಇಲ್ಲಿಗೆ ಬಂದ್ಬಿಡಿ," ಅಂದ. "ಈಗಲೇ ಹೊರಡು. ಸಾಮಾನು ಆಮೇಲೆ ನೋಡೋಣ." "ಯಾಕಪ್ಪಾ? ಏನಾಯ್ತು?" ಮುಖ್ಯ ಇಂಜಿನಿಯರು ಕೈಯಲ್ಲಿ ಎರಡು ಲೋಟ ಚಹಾ ಹಿಡಿದು ಅವನ ಪಕ್ಕಕ್ಕೆ ಬಂದು ನಿಂತಿದ್ದರು, ಅವರ ಹಿಂದೆ ಇನ್ನೂ ಮೂರು ಜನ. ಒಂದು ಲೋಟ ಅವನಿಗೆ ಚಾಚಿ, ಮಗಳಾ ಎಂದು ಕಣ್ಣಲ್ಲೇ ಕೇಳಿ, ಮೆಚ್ಚುಗೆಯಿಂದ ನಕ್ಕರು. "ಅಪ್ಪಾ, ಯಾಕೆ ಬರ್ಬೇಕು ಹೇಳು. ಏನಾದ್ರೂ ತೊಂದ್ರೆ ಇದ್ಯಾ? ನಮ್ಮ ಬೀದಿ ಪೈಪು ನೀನೇ ಕಣ್ಣಾರೆ ನೋಡಿದ್ದಲ್ವಾ?" ಅವನು ಚಹಾ ತೆಗೆದುಕೊಂಡ. ಎಲ್ಲರೂ ಅವನ ಉತ್ತರಕ್ಕೆ ಕಾಯುತ್ತಿರುವಂತಿತ್ತು. ಆ ಕಡೆ ಫೋನಿನ ಹತ್ತಿರವೇ, ಉತ್ತರ ಬಾರದ ಬಚ್ಚಲನ್ನು ಕರೆಯುತ್ತ, ಮಗು ಗುಳುಗುಳು ಅನ್ನುತ್ತಿತ್ತು.

"ಹೂಂ ಮಗಳೇ," ಅಂದ. "ದೀಪ ಕಂಡಿತ್ತು."